ಮಾನಿಟರಿಗೆ ಹೊತ್ತ ಹರಕೆ

ನನಗೆ ಕತ್ತಲೆಯ ಭಯವಿಲ್ಲ, ಮಬ್ಬಿನ ಭಯ. ಕತ್ತಲೆ ಎಲ್ಲರಿಗೂ ಒಂದೇ. ಮಬ್ಬು ಹಾಗಲ್ಲ, ನಮ್ಮೊಬ್ಬರಿಗೇ ಬಂದಿದೆಯೋ ಏನೋ ಎಂಬ ಅನುಮಾನ ಹುಟ್ಟಿಸುತ್ತದೆ.

ಚಾಮರಾಜನಗರದ ನನ್ನ ಟೈಪಿಂಗ್ ಅಂಗಡಿಯಲ್ಲಿ ಡಬ್ಬದಂಥ ಹಳೆಯ ಮಾನಿಟರ್ ಹೋಗಿ ಚಪ್ಪಟೆಯದು ಬಂದು ಮೂರು ವರ್ಷವಾಗಿತ್ತು. ಆ ಬೇಸಗೆಯಲ್ಲಿ ಅಕ್ಷರಗಳು ಮಂಕಾಗತೊಡಗಿದವು. ಯಾರಿಗೂ ಹೇಳಲಿಲ್ಲ. ಅಕ್ಷರ ದೊಡ್ಡದು ಮಾಡಿಕೊಂಡೆ, ಕಿಟಕಿಗೆ ಹಳೆ ಸೀರೆ ಕಟ್ಟಿದೆ, ಕನ್ನಡಕವನ್ನು ದಿನಕ್ಕೆ ಹತ್ತು ಸಲ ಒರೆಸಿದೆ. ಏಕೆಂದರೆ ನಮ್ಮವ್ವನ ಕಣ್ಣು ಹೋದದ್ದು ನನ್ನ ಈ ವಯಸ್ಸಿನಲ್ಲೇ. ಅವಳೂ ಯಾರಿಗೂ ಹೇಳಿರಲಿಲ್ಲ. ಅಕ್ಕಿಯ ಕಲ್ಲನ್ನು ಬೆರಳಲ್ಲೇ ಹುಡುಕುತ್ತಿದ್ದಳು. ನಮಗೆ ಗೊತ್ತಾಗುವಷ್ಟರಲ್ಲಿ ಡಾಕ್ಟರು ತಡವಾಯಿತೆಂದರು. ನಮ್ಮ ಮನೆಗಳಲ್ಲಿ ದೀಪ ಆರಿತು ಎನ್ನುವುದಿಲ್ಲ, ಶಾಂತವಾಯಿತು ಎನ್ನುತ್ತೇವೆ. ಕಣ್ಣಿಗೆ ಅಂಥ ನಯದ ಮಾತನ್ನು ಯಾರೂ ಹುಡುಕಿಟ್ಟಿಲ್ಲ.

ಇಷ್ಟು ಗೊತ್ತಿದ್ದೂ ನಾನು ಮಾಡಿದ್ದೇನು? ಡಾಕ್ಟರ ಬಳಿ ಹೋಗುವ ಬದಲು ಮಾರಮ್ಮನಿಗೆ ಬೆಳ್ಳಿ ಕಣ್ಣಿನ ಹರಕೆ ಹೊತ್ತೆ. ಅಮ್ಮ ತಪ್ಪಿಯೂ ತಡವಾಯಿತು ಎನ್ನುವುದಿಲ್ಲವಲ್ಲ.

ಒಂದು ದಿನ ಅರ್ಜಿ ಬರೆಸಲು ಬಂದ ಕುದೇರು ಊರಿನ ಮುದುಕರೊಬ್ಬರು ಬಗ್ಗಿ ನೋಡಿದರು. "ಇದ್ಯಾಕವ್ವಾ, ನಿನ್ ಟಿವಿ ಇಂಗ್ ಮಂಕಾಗ್ಬುಟ್ಟದೆ? ನನ್ ಎಸ್ರೇ ಕಾಣಾಕಿಲ್ವಲ್ಲ!" ನನಗೆ ಹೋದ ಜೀವ ಬಂತು, ಮರುಕ್ಷಣವೇ ಹೋಯಿತು. ಅವರ ಎರಡೂ ಕಣ್ಣಲ್ಲಿ ಪೊರೆ ಬೆಳ್ಳಗೆ ಹೊಳೆಯುತ್ತಿತ್ತು. ಅಂಥ ಸಾಕ್ಷಿಯನ್ನು ಪಕ್ಕದ ಕೋರ್ಟಿನವರೂ ಒಪ್ಪಲಾರರು.

ಆದರೂ ಮರುದಿನ ಮಾನಿಟರನ್ನು ಟವೆಲಿನಲ್ಲಿ ಸುತ್ತಿ, ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದೆ. ತೆರಕಣಾಂಬಿ ದಾಟುವವರೆಗೂ ರಸ್ತೆ ಬದಿಯ ಬೋರ್ಡುಗಳನ್ನು ಓದಿ ಓದಿ ಕಣ್ಣನ್ನು ಪರೀಕ್ಷೆ ಮಾಡಿದೆ. ದೂರದ್ದೆಲ್ಲ ಕಂಡಿತು. ಅವ್ವನಿಗೂ ಮೊದಮೊದಲು ದೂರದ್ದು ಕಾಣುತ್ತಿತ್ತು.

ಅಲ್ಲಿ ರೇಡಿಯೊ ಕಾಲದಿಂದ ರಿಪೇರಿ ಮಾಡಿಕೊಂಡು ಬಂದಿರುವ ಮಾದೇವಣ್ಣ ಮಾನಿಟರಿನ ಹಿಂಬದಿ ಬಿಚ್ಚಿದ. ಪರದೆಯ ಹಿಂದೆ, ಅದಕ್ಕೆ ಬೆಳಕು ಕೊಡುವ, ಊದುಬತ್ತಿಗಿಂತ ತುಸುವೇ ದಪ್ಪನೆಯ ಗಾಜಿನ ಟ್ಯೂಬುಗಳು, ಮೇಲೊಂದು ಕೆಳಗೊಂದು. ಎರಡರ ತುದಿಯೂ ಕಪ್ಪಾಗಿತ್ತು. ಪರದೆ ಒಡೆದುಹೋದ ಇನ್ನೊಂದು ಮಾನಿಟರಿನಿಂದ ಒಳ್ಳೆಯ ಟ್ಯೂಬುಗಳನ್ನು ಈಚೆಗೆಳೆದು ನನ್ನದಕ್ಕೆ ಕೂರಿಸತೊಡಗಿದ.

"ಉಸ್ರು ಬಿಗಿ ಇಡ್ಕಳಕ್ಕ. ನೀ ಸೀನಿದ್ರೆ ಮುರ್ದೋಯ್ತದೆ."

ನಾನು ಆಗಲೇ ಉಸಿರಾಡುತ್ತಿರಲಿಲ್ಲ. ಅವನಿಗೆ ಟ್ಯೂಬಿನ ಚಿಂತೆ. ನನಗೋ, ಇದು ಹೊತ್ತಿಕೊಂಡ ಮೇಲೂ ಮಬ್ಬಾಗಿಯೇ ಕಂಡರೆ? ಆಗ ಬಿಚ್ಚಿ ನೋಡಬೇಕಾದ್ದು ನನ್ನನ್ನು.

ಸ್ವಿಚ್ಚಿನ ಸದ್ದಾಯಿತು.

"ನೋಡಕ್ಕ... ಅಯ್ಯ, ಇಂಗ್ ಕಣ್ಮುಚ್ಕಂಡ್ ಕುಂತ್ರೆ ಏನ್ ಕಂಡದು? ಬುಡಕ್ಕ ಕಣ್ಣ!"

ಬಿಟ್ಟೆ. ಹಾಲು ಚೆಲ್ಲಿದಂಥ ಬಿಳುಪು. ಮೂಲೆಯಲ್ಲಿ ನೊಣವೊಂದು ಇಟ್ಟುಹೋದ ಸಾಸಿವೆಗಿಂತ ಸಣ್ಣ ಚುಕ್ಕೆಯೂ ಕಂಡಿತು. ಅಷ್ಟು ಚೆಂದದ ಚುಕ್ಕೆಯನ್ನು ನಾನು ಈವರೆಗೆ ನೋಡಿಲ್ಲ. ನನ್ನ ಕಣ್ಣಲ್ಲಿ ನೀರು ಕಂಡು ಮಾದೇವಣ್ಣ ಗಾಬರಿಯಾದ. "ಬೆಳಕು ಜಾಸ್ತಿ ಆಯ್ತಾ? ಕಮ್ಮಿ ಮಾಡ್ಲಾ?"

ಮನೆಯಲ್ಲಿ ಎಲ್ಲವನ್ನೂ ಬಾಯಿಬಿಟ್ಟಾಗ ನಮ್ಮ ಯಜಮಾನರು ಬಿದ್ದು ಬಿದ್ದು ನಕ್ಕರು. "ಕೆಟ್ಟೋಗಿದ್ದು ಮಾನಿಟ್ರು ಕಣಮ್ಮಿ. ಅದ್ಕೆ ಬೆಳ್ಳಿ ಕಣ್ಯಾಕೆ? ಆ ಸುಟ್ಟೋದ್ ಟ್ಯೂಬ್ನೇ ಕಟ್ಬುಟ್ ಬಾ!" ನಾನೂ ನಕ್ಕೆ. ಆದರೆ ಹರಕೆ ಹೊತ್ತದ್ದು ಕಣ್ಣಲ್ಲ, ಭಯ. ರೋಗ ಸುಳ್ಳಾಗಿತ್ತು, ಭಯ ಸುಳ್ಳಾಗಿರಲಿಲ್ಲ.

ಮಂಗಳವಾರ ಬೆಳ್ಳಿ ಕಣ್ಣು ಒಪ್ಪಿಸಿದೆ. "ಯಾರ್ಗವ್ವ ವಾಸಿಯಾದದ್ದು?" ಎಂದರು ಪೂಜಾರರು. "ಅಂಗಡೀದಕ್ಕೆ" ಎಂದೆ. ಅವರು ತಲೆಯಾಡಿಸಿ ಕಣ್ಣುಗಳನ್ನು ಪೀಠದ ಮೇಲಿಟ್ಟರು. ಅಮ್ಮನ ಮುಂದೆ ಎಂತೆಂಥದೋ ಬರುತ್ತದೆ.

ಹೊರಗೆ ಬಂದವಳು ಬಾಗಿಲಾಚೆ ನಿಂತು, ಆ ಪುಟ್ಟ ಕಣ್ಣುಗಳು ಇಲ್ಲಿಂದಲೂ ಕಾಣುತ್ತವೆಯೇ ಎಂದು ತಿರುಗಿ ನೋಡಿದೆ. ಕಂಡವು. ಎರಡು ಹೆಜ್ಜೆ ಹಿಂದಕ್ಕಿಟ್ಟು ಮತ್ತೆ ನೋಡಿದೆ. ಇನ್ನೆರಡು. ಹೀಗೇ ಹಿಂದಿಂದಕ್ಕೆ ನಡೆದರೆ ಸಾಯಂಕಾಲದೊಳಗೆ ಕಣ್ಣಿನ ಡಾಕ್ಟರ ಬಾಗಿಲು ಬೆನ್ನಿಗೆ ತಾಗೀತು ಅನ್ನಿಸಿತು. ಅದಕ್ಕೆ ಅಲ್ಲೇ ತಿರುಗಿ, ಮುಂದೆ ನೋಡಿಕೊಂಡೇ ಅಲ್ಲಿಗೆ ನಡೆದೆ.