ದೊಡ್ಡಪ್ಪನ ಬಲಗಾಲು ಮತ್ತು ಹಳೇ ಕಾರಿನ ಕರಿ ಗುಂಡಿ

ಬಳ್ಳಾರಿಯ ಸಮಸ್ತ ಮಹಾಜನರಲ್ಲಿ ವಿಜ್ಞಾಪನೆ: ಕಾರು ಓಡಿಸಲು ಬಲಗಾಲು ಬೇಕಿಲ್ಲ ಎಂಬ ಸಂಗತಿ ಇವತ್ತು ಬೆಳಿಗ್ಗೆ ಬ್ರೂಸ್‌ಪೇಟೆಯಲ್ಲಿ ಅರ್ಧದಷ್ಟು ರುಜುವಾತಾಗಿದೆ.

ನಮ್ಮ ದೊಡ್ಡಪ್ಪನ ಬಲಮೊಣಕಾಲು ಊದಿದೆ. ಡಾಕ್ಟರು ಡ್ರೈವಿಂಗ್ ಬೇಡ ಅಂದಿದ್ದಾರೆ. ದೊಡ್ಡಮ್ಮ ಒಂದು ಹೆಜ್ಜೆ ಮುಂದೆ ಹೋಗಿ ಬಲಗಾಲಿನ ಚಪ್ಪಲಿಯನ್ನೇ ಬಚ್ಚಿಟ್ಟಿದ್ದಾರೆ. ದೊಡ್ಡಪ್ಪ ಒಂಟಿ ಚಪ್ಪಲಿಯಲ್ಲೇ ತಮ್ಮ ಅಜ್ಜನ ಕಾಲದ ಕಾರು ಹತ್ತಿದರು.

"ಸ್ಟೇರಿಂಗ್ ಬಾಜೂಕ ಕರಿ ಗುಂಡಿ ಐತಿ ನೋಡಲೇ. ಎಳದು ಬಿಟ್ರ ಆಕ್ಸಿಲರೇಟರ್ ತುಳದಂಗ. ಕಾಲಿಗೆ ಕೆಲಸನ ಇಲ್ಲ."

ಕಾವಲಿಗೆಂದು ದೊಡ್ಡಮ್ಮ ಮುಂದೆ ಕೂತರು, ನಾನು ಹಿಂದೆ. ದೊಡ್ಡಪ್ಪ ಬಲಗಾಲನ್ನು ಸೀಟಿನ ಮೇಲೆ ಮಡಚಿ, ಪೂಜೆಗೆ ಕೂತವರಂತೆ ಹೊರಟರು. ಬ್ರೂಸ್‌ಪೇಟೆವರೆಗೂ ಎಲ್ಲ ಸುಸೂತ್ರ. ಅಲ್ಲಿ ಈರುಳ್ಳಿ ಗಾಡಿ ಅಡ್ಡ ಬಂತು. ದೊಡ್ಡಪ್ಪ ಎಡಗಾಲಿಂದ ಕ್ಲಚ್ ಒತ್ತಿದರು. ಎಳೆದಿದ್ದ ಗುಂಡಿ ಹಾಗೇ ಇತ್ತಲ್ಲ, ಇಂಜಿನ್ನು ಇಡೀ ಬಜಾರಿಗೆ ಕೇಳುವಂತೆ ಅರಚಿತು, ಕಾರು ಉರುಳುತ್ತಲೇ ಇತ್ತು.

"ಬ್ರೇಕ್ ತುಳೀರಿ!" ನಾನು ಹಿಂದಿನಿಂದ ಕೂಗಿದೆ.

"ಯಾವ ಕಾಲಿಂದ ತುಳೀಲೇ?"

ದೊಡ್ಡಮ್ಮ ಒಂದು ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಇನ್ನೊಂದರಲ್ಲಿ ಗುಂಡಿ ಒಳಕ್ಕೆ ನೂಕಿದರು. ಈರುಳ್ಳಿಗೂ ನಮಗೂ ಗೇಣು ಅಂತರ.

ಗಾಡಿಯವನು ಇಣುಕಿ, "ಏನಜ್ಜಾ, ವಿಮಾನ ಇಳಿಸಾಕ ಇಲ್ಲೇ ಜಾಗ ಸಿಕ್ತೇನು?" ಅಂದ.

ದೊಡ್ಡಮ್ಮ ಗುಂಡಿಯನ್ನು ತಿರುಗಿಸಿ ಬಿಚ್ಚಿ ನನ್ನ ಕೈಗಿಟ್ಟರು. "ಚಪ್ಪಲಿ ಸಿಕ್ರೂ ಚಿಂತಿಲ್ಲ, ಇದು ಅವರಿಗೆ ಸಿಗಬಾರದು."

ವಾಪಸ್ ನಾನೇ ಓಡಿಸಿದೆ, ಎರಡೂ ಕಾಲಿಂದ. ಗುಂಡಿ ಈಗ ನನ್ನ ಜೇಬಿನಲ್ಲಿದೆ. ಗೆಳೆಯರೇ, ದೊಡ್ಡಪ್ಪ ಫೋನ್ ಮಾಡಿ ನಾನೆಲ್ಲಿ ಅಂತ ಕೇಳಿದರೆ ಸಿರುಗುಪ್ಪಕ್ಕೆ ಹೋಗಿದ್ದಾನೆ ಅಂದುಬಿಡಿ. ಕುರುಗೋಡು ಅನ್ನಬೇಡಿ. ಅದು ಹತ್ತಿರ, ಎಡಗಾಲಲ್ಲೇ ಬಂದುಬಿಡುತ್ತಾರೆ.