ತಂಗಿ ಕಡ ಕೇಳಿದ ಕಣ್ಣು

ದೆವ್ವ, ಮಾಟ, ಶಕುನ, ಇದ್ಯಾವುದನ್ನೂ ನಾನು ನಂಬಿದವನಲ್ಲ. ಈಗಲೂ ನಂಬುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಮುಲ್ಕಿ ಪರೀಕ್ಷೆ ಪಾಸಾಗಿ ಹಾನಗಲ್ಲಿನಲ್ಲಿ ಮಾಸ್ತರನಾಗಿದ್ದೆ. ಯಾರಾದರೂ ದೆವ್ವದ ಮಾತು ತೆಗೆದರೆ ‘ನಡೀರಿ, ತೋರಸ್ರಿ’ ಎಂದು ಧೋತರ ಎತ್ತಿಕಟ್ಟಿ ನಿಲ್ಲುತ್ತಿದ್ದೆ. ಒಬ್ಬರೂ ತೋರಿಸಲಿಲ್ಲ. ಅಂಥ ನನಗೆ ಹಾಡಹಗಲಲ್ಲಿ, ಸವಣೂರಿನ ನಮ್ಮ ಮನೆಯ ಪಡಸಾಲೆಯಲ್ಲೇ ಒಂದು ಸಂಗತಿ ನಡೆಯಿತು. ದೊಡ್ಡ ಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತು.

ಕಣ್ಣಿನ ಪಾಠ ನನಗೆ ಅಚ್ಚುಮೆಚ್ಚು. ಎರಡು ಕಣ್ಣು ಎರಡು ಕಡೆಯಿಂದ ಎರಡು ಚಿತ್ರ ನೋಡುತ್ತವೆ. ಮಿದುಳು ಅವನ್ನು ಕೂಡಿಸಿ ಒಂದು ಮಾಡುತ್ತದೆ. ಎರಡರ ನಡುವಿನ ಸಣ್ಣ ವ್ಯತ್ಯಾಸದಿಂದಲೇ ಯಾವುದು ಹತ್ತಿರ, ಯಾವುದು ದೂರ ಎಂದು ತಿಳಿಯುವುದು. ಒಂದೇ ನೊಗಕ್ಕೆ ಹೂಡಿದ ಜೋಡೆತ್ತಿನ ಹಾಗೆ. ಒಂದು ಕಣ್ಣು ಮುಚ್ಚಿ ಎರಡು ಸೀಸಕಡ್ಡಿಗಳ ಮೊನೆ ಕೂಡಿಸಿ ನೋಡಿ, ಗೊತ್ತಾಗುತ್ತದೆ. ಆದರೆ ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ತಂಗಿ ಗಂಗವ್ವನಿಂದ ಕಲಿತದ್ದು.

ಅವಳಿಗೆ ಆರು ವರ್ಷವಿದ್ದಾಗ ನಾನು ಹೊಡೆದ ಚಿನ್ನಿ ಹಾರಿ ಅವಳ ಎಡಗಣ್ಣಿಗೆ ಬಡಿಯಿತು. ಕಣ್ಣು ನೋಡುವವರಿಗೆ ನೆಟ್ಟಗೇ ಉಳಿಯಿತು, ಬೆಳಕು ಮಾತ್ರ ಹೋಯಿತು. ಅವಳು ಒಂದು ದಿನವೂ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಎಲ್ಲ ಕೆಲಸ ಮಾಡುತ್ತಿದ್ದಳು, ಒಂದನ್ನು ಬಿಟ್ಟು. ತಂಬಿಗೆಯಿಂದ ಹಾಲು ಹಾಕುವಾಗ ಅದನ್ನು ಬಟ್ಟಲ ಅಂಚಿಗೆ ತಾಗಿಸಿಕೊಳ್ಳಬೇಕಿತ್ತು. ಇಲ್ಲದಿದ್ದರೆ ಹಾಲು ಆಚೆಗೋ ಈಚೆಗೋ ಬೀಳುತ್ತಿತ್ತು. ಆದರೆ ಹೆಣ್ಣು ನೋಡಲು ಬಂದವರಿಗೆ ಹುಡುಗಿಯೇ ಹಾಲು ಹಾಕಬೇಕು, ತಂಬಿಗೆ ಬಟ್ಟಲಿಗೆ ತಾಗಲೇಬಾರದು. ತಾಗಿದರೆ ಎಂಜಲು. ಶಿಗ್ಗಾಂವಿಯವರ ಧೋತರದ ಮೇಲೆ ಚೆಲ್ಲಿದಳು, ಹಿರೇಕೆರೂರಿನವರ ಮುಂದೆ ಚಾಪೆಯ ಮೇಲೆ. ‘ತಿಳಸ್ತೇವ್ರಿ’ ಎಂದು ಹೋದವರು ತಿಳಿಸಲಿಲ್ಲ. ಕಣ್ಣಿನ ಮಾತು ಬಾಯಿ ಬಿಡಬೇಡಿ ಎಂದು ಅಪ್ಪನ ಕಟ್ಟಪ್ಪಣೆ. ನಾನೂ ತೆಪ್ಪಗಿದ್ದೆ.

ಮೂರನೆಯವರು ಹತ್ತಿಮತ್ತೂರಿನವರು. ಹುಡುಗ ಒಳ್ಳೆಯವನು, ಗಂಗವ್ವನಿಗೂ ಮನಸ್ಸಿತ್ತು. ಇದೂ ತಪ್ಪಿದರೆ ಹೆಂಡತಿ ಸತ್ತ, ವಯಸ್ಸಿನಲ್ಲಿ ಅವಳ ಎರಡರಷ್ಟಿದ್ದ ಒಬ್ಬನಿಗೆ ಕೊಟ್ಟು ಕೈತೊಳೆದುಕೊಳ್ಳುತ್ತೇನೆ ಎಂದಿದ್ದ ಅಪ್ಪ. ಅಡುಗೆಮನೆಯಲ್ಲಿ ಅವಳು ನನ್ನ ಅಂಗಿ ಜಗ್ಗಿ, ‘ಅಣ್ಣಾ, ಒಂದ ತಾಸು ನಿನ್ನ ಎಡಗಣ್ಣು ಕಡಾ ಕೊಡೋ. ತಿರಗಿ ಕೊಡ್ತೇನಿ’ ಎಂದು ನಕ್ಕಳು.

‘ಒಂದ ತಾಸ್ಯಾಕ, ಇಟ್ಕೊಂಡ ಬಿಡ’ ಎಂದೆ.

ಪಡಸಾಲೆಯಲ್ಲಿ ಅವಳ ಹಿಂದೆ ಓರೆಯಾಗಿ, ಬಾಗಿಲ ಹತ್ತಿರ ಕುಳಿತೆ. ಅವಳು ತಂಬಿಗೆ ಎತ್ತಿದಳು. ಆ ಗಳಿಗೆಗೆ ನನ್ನ ಎಡಗಣ್ಣು ಆರಿತು. ನೋವಿಲ್ಲ, ಉರಿಯಿಲ್ಲ, ಕಾಣಲಿಲ್ಲ ಅಷ್ಟೇ. ಬಲಗಣ್ಣು ಮುಚ್ಚಿ ನೋಡಿದೆ, ಬರೀ ಕತ್ತಲು. ತಟ್ಟೆಯೊಳಗಿನ ಅಡಿಕೆಗೆ ಕೈ ಚಾಚಿದೆ, ಬೆರಳು ಚಾಪೆಗೆ ಬಡಿಯಿತು. ಅತ್ತ ಗಂಗವ್ವ ಗೇಣೆತ್ತರದಿಂದ ಏಳು ಬಟ್ಟಲಿಗೆ ಹಾಲು ಹಾಕಿದಳು. ಒಂದು ಹನಿ ಹೊರಗೆ ಬೀಳಲಿಲ್ಲ. ತಂಬಿಗೆ ಕೆಳಗಿಟ್ಟಳು, ನನ್ನ ಕಣ್ಣು ಬಂತು.

‘ಭೇಷ್!’ ಎಂದಳು ಹುಡುಗನ ಅಜ್ಜಿ. ಅಪ್ಪನ ಮುಖ ಅರಳಿತು. ಅಷ್ಟರಲ್ಲಿ ಗಂಗವ್ವ ಸೆರಗು ಸರಿಮಾಡಿಕೊಂಡು, ‘ನನಗ ಎಡಗಣ್ಣು ಕಾಣೂದಿಲ್ರಿ ಆಯಿ. ಮುಚ್ಚಿಟ್ಟು ನಿಮ್ಮನಿಗೆ ಬರೂದು ನನಗ ಬ್ಯಾಡ್ರಿ’ ಎಂದುಬಿಟ್ಟಳು.

ಅಜ್ಜಿ ಅವಳನ್ನು ನೋಡಿದಳು, ಬಟ್ಟಲುಗಳನ್ನು ನೋಡಿದಳು, ಆಮೇಲೆ ಜೋರಾಗಿ ನಕ್ಕಳು. ‘ಹಂಗಾರ ಈ ಹಾಲು ಹಾಕಿದಾಕಿ ಯಾರಬೇ? ಖರೇ ಹೇಳೂ ಹುಡುಗಿ ಸಿಕ್ಳು, ಇನ್ನೇನ ಬೇಕು? ಸಕ್ಕರಿ ಹಂಚ್ರಿ!’

ನೀವು ಹೇಳಬಹುದು, ತಂಗಿಯ ಚಿಂತೆಯಲ್ಲಿ ಕಣ್ಣಿನ ನರ ಹಿಡಿದಿರಬೇಕು, ಅವಳ ಕೈ ಆ ದಿನ ಕುದುರಿರಬೇಕು ಎಂದು. ಒಪ್ಪುತ್ತೇನೆ. ನಾನೂ ಹಾಗೆಯೇ ಹೇಳಿಕೊಂಡೆ. ಆದರೆ ಬೀಗರು ಗಾಡಿ ಹತ್ತಿದ ಮೇಲೆ, ಇನ್ನೂ ಅದೇ ಸೀರೆಯಲ್ಲಿದ್ದ ಗಂಗವ್ವ ಬಂದು, ‘ನನ್ನ ಬೆನ್ನ ಮ್ಯಾಲೆ ಅವ್ವನ ಅರಿಷಿಣದ ಕೈ ಮೂಡೇತಿ. ನೀನರ ಹೇಳಬಾರದಿತ್ತೇನೋ ಅಣ್ಣಾ?’ ಎಂದಳು. ಮೂಡಿದ್ದು ನಿಜ. ಹಿಂದೆ ಕುಳಿತು ಅದನ್ನು ಕಂಡವನು ನಾನೊಬ್ಬನೇ, ಯಾರಿಗೂ ಹೇಳಿರಲಿಲ್ಲ.

‘ನಿನಗ ಹೆಂಗ ಗೊತ್ತಾತು?’

‘ಹಾಲು ಹಾಕೂವಾಗ ಕಾಣ್ತು’ ಎಂದವಳೇ ಬಟ್ಟಲು ತೊಳೆಯಲು ಹೋದಳು.

ನಿವೃತ್ತನಾಗುವ ತನಕ ಆ ಪಾಠ ಹೇಳಿದೆ, ಗಟ್ಟಿಯಾಗಿಯೇ ಹೇಳಿದೆ. ಪಾಠದಲ್ಲಿ ತಪ್ಪೇನೂ ಇಲ್ಲ. ಒಂದು ಚಿತ್ರವಾಗಲು ಎರಡು ಕಣ್ಣು ಬೇಕು. ಆ ಎರಡೂ ಒಬ್ಬರ ಮುಖದಲ್ಲೇ ಇರಬೇಕು ಎಂದು ಮಾತ್ರ ನಾನು ಆಮೇಲೆ ಯಾರಿಗೂ ಕಲಿಸಲಿಲ್ಲ.