ಬಿಳಿ ಹಾಳೆ ಓದಿದವರು

ಮಡಂತ್ಯಾರು ಕಡೆಯ ಹೆಡ್ಮಾಷ್ಟ್ರೊಬ್ಬರು ಒಂದು ಕಣ್ಣು ಮುಚ್ಚಿಕೊಂಡು, ನಾನು ಎತ್ತಿ ಹಿಡಿದ ಅಕ್ಷರಗಳ ಚಾರ್ಟನ್ನು ಮಗ್ಗಿ ಒಪ್ಪಿಸಿದಂತೆ ಕೊನೆಯ ಸಾಲಿನವರೆಗೂ ಓದಿದರು. ಬಂಟ್ವಾಳದಲ್ಲಿ ಶಿಕ್ಷಕರಿಗಾಗಿ ನಡೆದ ಶಾಲಾ ಆರೋಗ್ಯ ತರಬೇತಿಯದು. ಮಕ್ಕಳ ಕಣ್ಣು ಪರೀಕ್ಷಿಸುವುದನ್ನು ನಮ್ಮನಮ್ಮ ಮೇಲೇ ಅಭ್ಯಾಸ ಮಾಡುತ್ತಿದ್ದೆವು. ಚಾರ್ಟ್ ಇಳಿಸಿ ನೋಡಿದರೆ, ಅಕ್ಷರಗಳು ನನ್ನ ಕಡೆಗಿದ್ದವು! ಅವರು ಓದಿದ್ದು ಹಿಂಬದಿಯ ಬಿಳಿ ಹಾಳೆಯನ್ನು.

ಕಿಂಚಿತ್ತೂ ನಾಚದೆ ಅವರೆಂದರು: “ನಮ್ಮ ಶಾಲೆಯ ಗೋಡೆಯಲ್ಲಿ ಇದೇ ಉಂಟಲ್ಲ ಮಾರಾಯ್ರೆ, ಮಕ್ಕಳು ಓದುವುದನ್ನು ಕೇಳಿ ಕೇಳಿ ಬಾಯಿಪಾಠ ಆಗಿದೆ.”

ಮರುದಿನ ನನ್ನ ತರಗತಿಯ ಗೋಡೆಯಲ್ಲಿದ್ದ ಅಂಥದೇ ಚಾರ್ಟನ್ನು ಬೇಕೆಂದೇ ತಿರುಗಿಸಿ ಹಿಡಿದೆ. ಮಕ್ಕಳೆಲ್ಲ ನಕ್ಕರು. ತರಗತಿಯ ಜಾಣೆ ಮಾತ್ರ ಗಂಭೀರವಾಗಿ ಕೊನೆಯ ಸಾಲಿನವರೆಗೂ ಓದಿದಳು.

ಅವಳಿಗೆ ಕನ್ನಡಕ ಬಂದ ದಿನ ನನ್ನನ್ನೇ ದಿಟ್ಟಿಸಿ ಕೇಳಿದಳು: “ಟೀಚರ್, ನಿಮಗೆ ಇಷ್ಟು ಬಿಳಿ ಕೂದಲು ಉಂಟಾ?”